ಎಂಟನೆಯ ಕೈ

ಮಂಜುನಾಥಪ್ಪನವರಿಗೆ ಎಂಟು ಕೈ ಬೇಕಿತ್ತು. ಹನ್ನೊಂದು ಮೆಂಬರುಗಳ ಪಂಚಾಯ್ತಿಯಲ್ಲಿ ಅಧ್ಯಕ್ಷೆ ತುಂಗಮ್ಮನನ್ನು ಇಳಿಸಬೇಕಾದರೆ ಅಷ್ಟು ಬೇಕೇ ಬೇಕು. ಏಳು ಅವರ ಮುಷ್ಟಿಯಲ್ಲಿದ್ದವು. ಎಂಟನೆಯದು ಹೇಮಾವತಿಯದು.

ತುಂಗಮ್ಮ ಮಾಡಿದ ತಪ್ಪೆಂದರೆ ಗುಡ್ಡದ ಮೇಲೆ ಮಂಜುನಾಥಪ್ಪನವರ ಕಲ್ಲುಕ್ವಾರಿಗೆ ಒಪ್ಪಿಗೆ ಕೊಡದೇ ಹೋದದ್ದು. ಆ ಗುಡ್ಡದ ಅಬ್ಬಿಯಿಂದಲೇ ಹೇಮಾವತಿಯ ಕೇರಿಯ ಹದಿನಾಲ್ಕು ಮನೆಗೆ ಪೈಪಿನಲ್ಲಿ ನೀರು ಇಳಿಯುತ್ತಿತ್ತು.

ಎಂಟೂ ಮೆಂಬರುಗಳನ್ನು, ಹೆಂಗಸರಾದರೆ ಗಂಡಂದಿರ ಸಮೇತ, ಮೂರು ದಿನ ತೀರ್ಥಹಳ್ಳಿಯ ಲಾಡ್ಜಿನಲ್ಲಿ ಇರಿಸಿದ್ದರು. ಫೋನುಗಳೆಲ್ಲ ಮಂಜುನಾಥಪ್ಪನವರ ಚೀಲ ಸೇರಿದ್ದವು. ಊಟಕ್ಕೆ ಕೊರತೆಯಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಕೋಣಂದೂರು ದಾಟಿದ ಮೇಲೆ ಬೂತಪ್ಪನ ಕಟ್ಟೆಯ ಹತ್ತಿರ ವ್ಯಾನು ನಿಂತಿತು. ಕಾಯಿ ಮುಟ್ಟಿ ಆಣೆ ಇಡಬೇಕಿತ್ತು. ಆ ಕಟ್ಟೆಯನ್ನು ಹೆಂಗಸರು ಹತ್ತುವ ಪದ್ಧತಿಯಿಲ್ಲ. ಹಾಗಾಗಿ ಗಂಡಸರಷ್ಟೇ ಇಳಿದರು. ಹೇಗೂ ಪಂಚಾಯ್ತಿಯಲ್ಲಿ ಹೆಂಡತಿಯರ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದವರು ಅವರೇ.

ಹೇಮಾವತಿಯ ಗಂಡ ವಾಸಪ್ಪ ಹಣೆಗೆ ಕುಂಕುಮ ಇಟ್ಟುಕೊಂಡು ಬಂದು ಅವಳ ಪಕ್ಕ ಕೂತ. ಹೇಮಾವತಿಗೆ ಬೂತಪ್ಪನೆಂದರೆ ಸಣ್ಣಂದಿನಿಂದಲೂ ಹೆದರಿಕೆ. ಆಣೆ ತಪ್ಪಿದ ಮನೆಯ ಕಥೆಗಳನ್ನು ಕೇಳಿಯೇ ಬೆಳೆದವಳು.

"ಎಂತ ಅಂತ ಆಣೆ ಇಟ್ರಿ?" ಮೆಲ್ಲಗೆ ಕೇಳಿದಳು.

"ನಾನು ಕೈ ಎತ್ತುತ್ತೀನಿ ಅಂತ."

"ನನ್ನ ಹೆಸರು ತಗಂಡ್ರಾ?"

"ನಿನ್ನ ಹೆಸರು ಎಂತಕ್ಕೆ ಮಾರಾಯ್ತಿ, ಎಲ್ರೂ ಹಂಗೇ ಹೇಳಿದ್ದು."

ಹೇಮಾವತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸಾಗರದಿಂದ ಬಂದಿದ್ದ ಅಸಿಸ್ಟೆಂಟ್ ಕಮಿಷನರ್ ಮೇಡಂ ಸಭೆ ಶುರು ಮಾಡುವ ಮೊದಲೇ ಅವರ ಫೋನು ಎರಡು ಸಲ ಬಡಿದುಕೊಂಡಿತು. ಎರಡು ಸಲವೂ ಎದ್ದು ನಿಂತೇ ಮಾತಾಡಿದರು, ಬರೀ "ಸರ್, ಸರ್" ಎಂದು. ಮಾತು ಮುಗಿಸಿ ನೀರು ಕುಡಿದು, ಮೆಂಬರಲ್ಲದವರು ಹೊರಗೆ ಹೋಗಬೇಕು ಎಂದರು. ಮಂಜುನಾಥಪ್ಪ, ವಾಸಪ್ಪ, ಉಳಿದ ಗಂಡಂದಿರೆಲ್ಲ ಹೊರಗೆ ಕಿಟಕಿಗೆ ಮುಖ ಒತ್ತಿಕೊಂಡು ನಿಂತರು.

ಅವಿಶ್ವಾಸದ ಪರವಾಗಿರುವವರು ಕೈ ಎತ್ತಬೇಕು ಎಂದರು ಮೇಡಂ.

ಏಳು ಕೈ ಮೇಲಕ್ಕೆ ಹೋದವು. ಹೇಮಾವತಿ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೇ ಕೂತಿದ್ದಳು. ತುಂಗಮ್ಮ ಮೇಜನ್ನೇ ನೋಡುತ್ತಿದ್ದಳು. ಕಿಟಕಿಯಾಚೆಯಿಂದ ಮಂಜುನಾಥಪ್ಪ ಗಟ್ಟಿಯಾಗಿ ಕೆಮ್ಮಿದರು. ಮೇಡಂ ಅತ್ತ ಒಮ್ಮೆ ನೋಡಿ, "ಇನ್ನೊಂದು ಸಲ ಕೇಳ್ತೀನಿ. ಬೇರೆ ಯಾರಾದ್ರೂ ಇದ್ದೀರಾ?" ಎಂದರು. ಕಣ್ಣು ಮಾತ್ರ ಹೇಮಾವತಿಯ ಮೇಲಿತ್ತು.

"ಹೇಮಾ," ಎಂದ ವಾಸಪ್ಪ ಹೊರಗಿನಿಂದ, ಮನೆಯಲ್ಲಿ ಚಾ ಕೇಳುವ ಧ್ವನಿಯಲ್ಲಿ.

ಅವಳು ಎದ್ದು ನಿಂತಳು. "ಆಣೆ ಇಟ್ಟದ್ದು ಅವ್ರು ಮೇಡಂ," ಎಂದಳು. "ನಾನು ವ್ಯಾನಲ್ಲಿ ಕೂತಿದ್ದೆ. ನಂದು ಕೈ ಇಲ್ಲ."

ವಾಸಪ್ಪನ ಮುಖದ ಬಣ್ಣ ಇಳಿಯಿತು. ಮಂಜುನಾಥಪ್ಪನವರನ್ನು ನೋಡಿದ, ಹೆಂಡತಿಯನ್ನು ನೋಡಿದ, ಬೂತಪ್ಪನ ನೆನಪಾಯಿತೋ ಏನೋ, ಕಿಟಕಿಯ ಸರಳಿನ ನಡುವಿನಿಂದ ತನ್ನ ಬಲಗೈಯನ್ನು ಒಳಕ್ಕೆ ತೂರಿಸಿ ಮೇಲಕ್ಕೆತ್ತಿದ.

"ಹೊರಗಿನವರು ಕೈ ಇಳಿಸಿ," ಎಂದು ಮೇಡಂ ಕಾಗದದ ಮೇಲೆ ಏಳು ಎಂದು ಬರೆದರು.

ಮಂಜುನಾಥಪ್ಪ ಅವನ ರಟ್ಟೆ ಹಿಡಿದು ಎಳೆದರು. ವಾಸಪ್ಪ ಕೈ ಇಳಿಸಲಿಲ್ಲ.