ಔರಾದಿನ ಮಣ್ಣು

ವಾಸನೆ, ಒದ್ದೆ ಗೋಣಿಚೀಲದ್ದೋ ಏನೋ, ಅಡುಗೆಮನೆಯ ಕಿಟಕಿಯ ಕಡೆಯಿಂದ, ಅಲ್ಲ, ಮಹಾಮಾಯಾಳ ಆರ್ಕಿಡ್ ಕುಂಡದಿಂದಲೇ — ಕುಂಡದ ತುಂಬ ಕರಿ ಮಣ್ಣು, ಯಾವಾಗ ತುಂಬಿತು ಇದು, ಹೆಂಡತಿ ಹೋದಮೇಲೆ ಈ ಕಿಟಕಿಯ ಕಡೆ ದೂರದಿಂದಲೇ ನೋಡುತ್ತೇನೆ, ಮೊಗ್ಗು ಇದ್ದರೆ ಸಾಕು, ಜನವಾಡದ ಸಾಲೆಗೆ ಹೊರಟುಬಿಡುತ್ತೇನೆ. ಅವ್ವ ಹಿಂದೆ ನಿಂತಿದ್ದಾಳೆ, ಪಾಪ, ಗಿಡದ ಬೇರೆಲ್ಲ ಬೈಲಿಗಿ ಬಿದ್ದಿದ್ವು ಯಪ್ಪಾ, ಬರೇ ಇದ್ದಲಿ, ತೆಂಗಿನ ನಾರು, ಅದರಾಗ ಹ್ಯಾಂಗ ಬದುಕಬೇಕು ಅದು, ಔರಾದಕ್ಕ ಹೋದಾಗ ನಮ್ಮ ಹೊಲದ ಮಣ್ಣು ತಂದು ಹಾಕೀನಿ, ದಿನಾ ಒಂದು ತಂಬಿಗಿ ನೀರು ಹಾಕ್ತೇನಿ. ಬಸ್ಸಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಂದಿರಬೇಕು, ಸೊಸೆಯ ಗಿಡಕ್ಕೆಂದು, ಇಂಥವಳನ್ನು ಹೇಗೆ ಬೈಯಲಿ, ಬೈಯದೆ ಹೇಗಿರಲಿ. ಇದರ ಬೇರಿಗಿ ಮಣ್ಣು ಬ್ಯಾಡರಿ, ಗಾಳಿ ಬೇಕು — ಮಹಾಮಾಯಾ ಹೇಳುತ್ತಾಳೆ, ಹೇಳುತ್ತಿದ್ದಳು, ಭಾಲ್ಕಿಯ ತವರಿನಿಂದ ಈ ಕುಂಡ ಹೊತ್ತು ತಂದ ದಿನ, ನಿಮ್ಮಂಗ ಮೂರು ರೊಟ್ಟಿ ಕೇಳಂಗಿಲ್ಲ ಇದು, ಗಾಳಿ ಉಂಡು ಇರ್ತದ, ನಗುತ್ತಾಳೆ, ಆಸ್ಪತ್ರೆಗೆ ಹೊರಟ ಮುಂಜಾನೆಯೂ ಎಲೆಯ ಬುಡದ ಹಸಿರು ಮೊಳಕೆ ತೋರಿಸಿ, ಇದು ಬೇರಲ್ಲರಿ, ಹೂವಿನ ಕಡ್ಡಿ, ನಾ ಬರೋತನ ಕಾಯ್ರಿ, ಬರಲಿಲ್ಲ, ಕಡ್ಡಿ ಮಾತ್ರ ಬೆಳೆಯಿತು, ಮೊಗ್ಗು ಹಿಡಿಯಿತು, ಅದೊಂದು ಅರಳಲಿ, ಅವಳು ನೋಡದ ಹೂವನ್ನು ನಾನಾದರೂ ನೋಡಬೇಕು, ಬೇರೇನೂ ಉಳಿದಿಲ್ಲ ನನಗೆ — ಮೊಗ್ಗೆಲ್ಲ ಹಳದಿಯಾಗಿವೆ, ಮುಟ್ಟಿದರೆ ಉದುರುತ್ತವೆ. ಕುಂಡ ಬಗ್ಗಿಸುತ್ತೇನೆ, ಗಿಡ ಸಲೀಸಾಗಿ ಬರುತ್ತದೆ, ಬೇರು ಮೆತ್ತಗೆ, ಹಿಡಿದರೆ ಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ಕೈಗೆ, ಒಂದಾದರೂ ಗಟ್ಟಿ ಬೇರು, ಒಂದು, ಇಲ್ಲ. ಉಳಿತದಲ್ಲಪ್ಪಾ, ಅವ್ವ ಕೇಳುತ್ತಾಳೆ. ಏನು ಹೇಳಲಿ, ಮಣ್ಣು ಹಾಕಿದರೆ ಸಾಯುವ ಗಿಡವೂ ಇದೆ ಎಂದು, ಜೀವಮಾನವಿಡೀ ಆ ಹೊಲದಲ್ಲೇ ಬಿತ್ತಿದವಳಿಗೆ, ಅದೇ ಹೊಲ, ಅದೇ ಮಣ್ಣು, ಬದುವಿನ ಪಕ್ಕದಲ್ಲಿ ತೋಡಿದ ಕುಣಿ, ಎಲ್ಲರೂ ಒಂದೊಂದು ಹಿಡಿ ಹಾಕಿ ಸರಿದರು, ನನ್ನ ಮುಷ್ಟಿ ಬಿಚ್ಚಲಿಲ್ಲ, ಅವ್ವ ಬಂದು, ಬಿಡಪ್ಪಾ, ಹಾಕು, ಒಂದೊಂದೇ ಬೆರಳು ಬಿಡಿಸಿದಳು — ಬಿಳಿ ಬಟ್ಟೆಯ ಮೇಲೆ ಬಿತ್ತು, ಮಹಾಮಾಯಾಳ ಎದೆಯ ಮೇಲೆ — ಈಗ ಕೈಯಲ್ಲಿ ಕೊಳೆತ ಬೇರು, ಮಣ್ಣು, ಅವ್ವ ಹತ್ತಿರ ಬರುತ್ತಾಳೆ, ಬಿಡಪ್ಪಾ, ಕೈ ಬಿಡು, ಹೆಬ್ಬೆರಳು ಎತ್ತುತ್ತಾಳೆ, ಮುಚ್ಚುತ್ತೇನೆ, ಎತ್ತುತ್ತಾಳೆ, ಮುಚ್ಚುತ್ತೇನೆ, ಬೆರಳು ಎತ್ತುತ್ತಾಳೆ, ಮುಚ್ಚುತ್ತೇನೆ