ಎದುರಾಗಿ ಕೊಟ್ಟದ್ದು

ನಾನೊಂದು ಕುದುರೆ. ಹುಟ್ಟಿದ್ದು ಚನ್ನಪಟ್ಟಣದ ಜಟಕಾ ಲಾಯವೊಂದರಲ್ಲಿ, ಬೆನ್ನು ಸವೆಸಿದ್ದು ರೈಲ್ವೆ ಸ್ಟೇಷನ್ನಿನ ಮುಂದೆ. ಆಟೋಗಳು ಬಂದು ನನ್ನ ಅನ್ನ ಕಿತ್ತುಕೊಂಡ ಮೇಲೆ, ಹಾವಿನ ವಿಷಕ್ಕೆ ಔಷಧಿ ಮಾಡುವವರ ಫಾರಂ ಸೇರಿದೆ. ಇಲ್ಲಿ ಗಾಡಿ ಎಳೆಯಬೇಕಿರಲಿಲ್ಲ. ನನಗೆ ಚೂರುಚೂರೇ ವಿಷ ಚುಚ್ಚುತ್ತಿದ್ದರು, ಅದು ಮೈಗೆ ಒಗ್ಗಿ ರಕ್ತದಲ್ಲಿ ಮದ್ದು ಹುಟ್ಟಿದ ಮೇಲೆ ರಕ್ತ ತೆಗೆಯುತ್ತಿದ್ದರು.

ನನ್ನನ್ನು ನೋಡಿಕೊಳ್ಳುವವನು ಬುಡೇನ್ ಸಾಬ್. ಅವನ ಹೆಂಡತಿ ಜುಬೇದಾ ಹುಲ್ಲು ಕೊಯ್ದು ತರುತ್ತಿದ್ದಳು. ಹೊರೆ ಇಳಿಸಿ ನನ್ನ ಮೂತಿ ಸವರದೆ ಅವಳು ಹೋದದ್ದೇ ಇಲ್ಲ.

ಒಮ್ಮೆ ನಮ್ಮ ಡಾಕ್ಟರಮ್ಮ ಸರ್ವಮಂಗಳಾ ನನ್ನ ಕುತ್ತಿಗೆ ತಟ್ಟುತ್ತಾ ಕಾಲೇಜಿನ ಮಕ್ಕಳಿಗೆ ಹೇಳಿದರು: "ಆಂಟಿಡೋಟ್ ಅನ್ನೋದು ಗ್ರೀಕ್‌ನಿಂದ ಇಂಗ್ಲಿಷಿಗೆ ಬಂದ ಪದ. ಆಂಟಿ ಅಂದ್ರೆ ಎದುರಾಗಿ, ಡೋಟ್ ಅಂದ್ರೆ ಕೊಟ್ಟದ್ದು. ವಿಷಕ್ಕೆ ಎದುರಾಗಿ ಕೊಟ್ಟದ್ದು. ಅದು ಇವನ ಮೈಯಲ್ಲೇ ಇದೆ."

ಕುದುರೆಯಾದ ನನಗೂ ಅಂದು ಕೋಡು ಮೂಡಿತು. ಪಕ್ಕದಲ್ಲೇ ನಿಂತಿದ್ದ ಬುಡೇನ್ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ.

ಒಂದು ಮಧ್ಯಾಹ್ನ ಅವನು ಜುಬೇದಾಳನ್ನು ಹೊತ್ತು ಓಡಿಬಂದ. ಹುಲ್ಲಿನಲ್ಲಿ ನಾಗರಹಾವು ಕಚ್ಚಿತ್ತು. ಆಸ್ಪತ್ರೆ ಎರಡೇ ಮೈಲಿ. ಅವನು ಬಂದದ್ದು ನನ್ನ ಬಳಿಗೆ. ಅವಳನ್ನು ನನ್ನೆದುರು ಮಲಗಿಸಿದ. ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು. ಅವರನ್ನು ಕೂಗಿ ಕೂಗಿ ಗಂಟಲು ಕಟ್ಟಿದಾಗ ನನ್ನ ಕುತ್ತಿಗೆ ತಬ್ಬಿಕೊಂಡ.

"ಕೊಡೋ ಮಗಾ. ನಿನ್ನ ಹತ್ರಾನೇ ಐತಲ್ಲೋ."

ಜುಬೇದಾಳ ರೆಪ್ಪೆಗಳು ಜೋತುಬೀಳುತ್ತಿದ್ದವು. ಮೈತುಂಬಾ ಮದ್ದಿಟ್ಟುಕೊಂಡು ನಾನು ಒಂದು ತೊಟ್ಟೂ ಕೊಡಲಾರದೆ ನಿಂತಿದ್ದೆ. ಆಸ್ಪತ್ರೆಗೆ ಓಡು ಎನ್ನಲು ಬಾಯಿ ಬಾರದು. ಕೆನೆದೆ, ಗೊರಸು ಬಡಿದೆ, ಹಗ್ಗ ಜಗ್ಗಿದೆ. ಹಗ್ಗ ಗಟ್ಟಿಯಾಗಿತ್ತು.

ಅರ್ಧ ಗಂಟೆಯಾದ ಮೇಲೆ ಡಾಕ್ಟರಮ್ಮ ಬಂದರು. "ಇವನ ರಕ್ತ ಹಾಗೇ ಕೊಡೋಕಾಗಲ್ಲ ಬುಡೇನ್. ಅದು ಔಷಧಿಯಾಗಿ ಆಸ್ಪತ್ರೇಲಿದೆ. ಇವಳನ್ನ ಇಲ್ಲಿಗ್ಯಾಕೆ ತಂದೆ?"

ಜೀಪು ಹೊರಟಿತು. ಆಸ್ಪತ್ರೆಯ ಬಾಗಿಲಲ್ಲೇ ಅವಳ ಉಸಿರು ನಿಂತಿತಂತೆ.

ಮುಂದಿನ ಸಲ ರಕ್ತ ತೆಗೆಯುವ ದಿನ ಡಾಕ್ಟರಮ್ಮ, "ಇವತ್ತು ಇವನನ್ನ ಬೇರೆಯವರು ಹಿಡೀಲಿ" ಎಂದರು.

"ನಾನೇ ಹಿಡೀತೀನಿ ತಾಯಿ. ಎಲ್ಲೋ ಯಾರಿಗೋ ಬೇಕಾಗಿರ್ತದೆ," ಎಂದ ಬುಡೇನ್. ನನ್ನ ಹಗ್ಗ ಹಿಡಿದುಕೊಂಡ. ನಾನು ಅಲುಗಾಡದೆ ನಿಂತೆ.

ಈಗ ನನಗೆ ಮುಪ್ಪು. ಸೂಜಿಯ ಕಾಟವಿಲ್ಲದೆ ಮೂಲೆಯ ಲಾಯದಲ್ಲಿದ್ದೇನೆ. ಯಾವ ಯಾವ ಊರಿನಲ್ಲಿ ಯಾರು ಯಾರು ನನ್ನಿಂದ ಬದುಕಿದರೋ ತಿಳಿಯದು. ನನ್ನ ಮೂತಿ ಸವರುತ್ತಿದ್ದವಳು ಮಾತ್ರ ಉಳಿಯಲಿಲ್ಲ. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಹುಲ್ಲನ್ನು ಈಗ ಬುಡೇನನೇ ಕೊಯ್ದು ತರುತ್ತಾನೆ. ನನ್ನ ಮುಂದೆ ಹಾಕುವ ಮೊದಲು ಒಂದೊಂದು ಹಿಡಿಯನ್ನೂ ಕೋಲಿನಿಂದ ಕೆದಕಿ ನೋಡುತ್ತಾನೆ. ಹಾವಿನ ವಿಷ ನನಗೇನೂ ಮಾಡದೆಂದು ಅವನಿಗೆ ಗೊತ್ತು. ಆದರೂ ನೋಡುತ್ತಾನೆ.