ದೇವಾಲಯದ ಬಾಗಿಲಿನ ಕರಿಹಲಗೆ

ನಾನು ಒಂದು ಕರಿಹಲಗೆ. ಶಾಲೆಯ ಹಲಗೆಯಲ್ಲ, ಮಗ್ಗಿ, ಕಾಗುಣಿತಗಳ ಗೋಜು ನನಗಿರಲಿಲ್ಲ. ಗದಗಿನ ಆಚೆ ಕೆಂಪಗೇರಿ ಎಂಬ ಊರಿನ ಚರ್ಚಿನ ಬಾಗಿಲ ಪಕ್ಕದಲ್ಲಿ ಮೂವತ್ತೊಂದು ವರ್ಷ ನಿಂತಿದ್ದೆ.

ಅದಕ್ಕೂ ಮೊದಲು ನಾನು ಬೆಂಚಾಗಿದ್ದೆ. ಜನ ನನ್ನ ಮೇಲೆ ಕೂತು ಪಾದ್ರಿಯ ಪ್ರಸಂಗ ಕೇಳುತ್ತಿದ್ದರು, ಅಂದರೆ ತೂಕಡಿಸುತ್ತಿದ್ದರು. ಒಂದು ಕ್ರಿಸ್ಮಸ್ ದಿನ ಐದು ಜನ ಕೂರುವಲ್ಲಿ ಎಂಟು ಜನ ಕೂತು ನನ್ನ ಕಾಲು ಮುರಿದರು. ಬಡಿಗ ಮೌಲಾಸಾಬ ನನ್ನ ಸಾಗುವಾನಿ ಹಲಗೆಗಳನ್ನು ಬಿಚ್ಚಿ, ಜೋಡಿಸಿ, ಹಳೆಯ ಬ್ಯಾಟರಿ ಸೆಲ್ಲುಗಳನ್ನು ಒಡೆದು ಅದರ ಮಸಿಯನ್ನು ನನ್ನ ಮೈತುಂಬ ತಿಕ್ಕಿದ. "ಇನ್ನ ನಿನ್ನ ಮ್ಯಾಲೆ ಯಾರೂ ಕೂರೂದಿಲ್ಲ. ಎಲ್ಲಾರೂ ನಿನ್ನ ಮಾರಿ ನೋಡ್ತಾರ" ಎಂದ. ಬಡಿಗನ ಮಾತು ಸುಳ್ಳಾಗಲಿಲ್ಲ.

ನನ್ನ ಮೇಲೆ ಬರೆಯುವ ಹಕ್ಕಿದ್ದದ್ದು ಒಬ್ಬರಿಗೇ, ಇಮ್ಮಾನುವೇಲ ಮಾಸ್ತರರಿಗೆ. ಮಿಷನ್ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು, ಚರ್ಚಿನ ಸಭೆಯ ಹಿರಿಯರು. ಪ್ರತಿ ಶನಿವಾರ ಮಧ್ಯಾಹ್ನ ಒದ್ದೆ ಬಟ್ಟೆಯಿಂದ ನನ್ನನ್ನು ಒರೆಸಿ, ಒಣಗುವವರೆಗೆ ಕಟ್ಟೆಯ ಮೇಲೆ ಸುಮ್ಮನೆ ಕೂತು, ಆಮೇಲೆ ಬರೆಯುತ್ತಿದ್ದರು. ಬಲಗಡೆ ಮುಂಬರುವ ಕೂಟಗಳು: ಸ್ತ್ರೀ ಸಂಘದ ಉಪವಾಸ ಕೂಟ, ಯೌವನಸ್ಥರ ಧ್ಯಾನಕೂಟ, ಬೆಳೆ ಹಬ್ಬ, ಅನಾಥಾಲಯದ ಸಹಾಯಾರ್ಥ ಸಂಗೀತ ಸಂಜೆ. ಎಡಗಡೆ, ಪ್ರಾರ್ಥನೆ ಬೇಕಾದ ಕಾಯಿಲೆಯವರ ಹೆಸರುಗಳು. ಗುಣವಾದವರ ಹೆಸರು ಅಳಿಸಿಹೋಗುತ್ತಿತ್ತು. ಆಗದವರ ಹೆಸರಿನ ಮುಂದೆ 'ಕರ್ತನಲ್ಲಿ ನಿದ್ರೆಹೋದರು' ಎಂದು ಸೇರುತ್ತಿತ್ತು. ಕೂಟಕ್ಕೂ ಸಾವಿಗೂ ಅದೇ ಸೀಮೆಸುಣ್ಣದ ಕಡ್ಡಿ, ಅದೇ ದುಂಡನೆಯ ಅಕ್ಷರ.

ವರ್ಷಕ್ಕೊಮ್ಮೆ ಮಾತ್ರ ಕೆಂಪು ಬಣ್ಣದ ಕಡ್ಡಿ ಹೊರಬರುತ್ತಿತ್ತು. ಈಸ್ಟರಿಗೆ, ಅಂದರೆ ಪುನರುತ್ಥಾನ ಹಬ್ಬಕ್ಕೆ, ಮುಂಚಿನ ಉಪವಾಸದ ಶ್ರಮಕಾಲ ಶುರುವಾಗುವುದು ಬೂದಿ ಬುಧವಾರ. ಅಂದು ಮಾಸ್ತರರು ನನ್ನ ನೆತ್ತಿಯ ಮೇಲೆ ಬರೆಯುತ್ತಿದ್ದರು: 'ಶ್ರಮಕಾಲದ ನಲವತ್ತು ದಿನ ಮದುವೆ, ಸಂಗೀತ ಕಾರ್ಯಕ್ರಮಗಳು ಇರುವುದಿಲ್ಲ.' ಒಮ್ಮೆ ನೇಕಾರ ಎಲೀಷನ ಮಗ್ಗದ ಮನೆ ಸುಟ್ಟುಹೋಯಿತು. ಎಲೀಷ ಗಾನವೃಂದದಲ್ಲಿ ತಬಲಾ ನುಡಿಸುವವ. ಗೆಳೆಯರು ಅವನಿಗಾಗಿ ಹಾಡಿನ ಸಂಜೆ ಇಡೋಣ ಎಂದಾಗ ಮಾಸ್ತರರು ನನ್ನ ಮುಂದೆಯೇ ನಿಂತು, "ನಲವತ್ತು ದಿನ ತಡಕೊಳ್ಳಾಕ ಆಗೂದಿಲ್ಲೇನು?" ಎಂದರು. ಎಲೀಷ ತಡೆದುಕೊಂಡ. ಆ ನಲವತ್ತು ದಿನ ಅವನ ಮನೆಯವರು ಹೇಗೆ ಉಂಡರೋ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನಗೆ ಬಾಯಿಲ್ಲ.

ಕೊನೆಗೆ ಆ ನಿಯಮ ಮಾಸ್ತರರ ಮನೆಯ ಬಾಗಿಲಿಗೇ ಬಂತು. ಅವರ ಹೆಂಡತಿ ಕಮಲಿನಿಬಾಯಿಗೆ ಹೃದಯದ ಕವಾಟ ಕೆಟ್ಟಿತ್ತು. ಬೆಳಗಾವಿಯಲ್ಲಿ ಆಪರೇಷನ್ ಆಗಬೇಕು, ಬೇಗ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಮಾಸ್ತರರು ಮಾರುವುದನ್ನೆಲ್ಲ ಮಾರಿದರೂ ಸಾಲಲಿಲ್ಲ. ಯಾರಾದರೂ ಕೈಯಲ್ಲಿ ದುಡ್ಡು ಇಡಲು ಬಂದರೆ ತೆಗೆದುಕೊಳ್ಳುವ ಮನುಷ್ಯನಲ್ಲ. ಆಗ ಎಲೀಷನೇ ಮುಂದೆ ಬಂದು, ಗಾನವೃಂದದವರನ್ನು ಕೂಡಿಸಿ ಸಂಗೀತ ಸಂಜೆ ಗೊತ್ತುಮಾಡಿದ. ಕಮಲಿನಿಬಾಯಿಯವರು ಇಪ್ಪತ್ತು ವರ್ಷ ಅದೇ ಗಾನವೃಂದದಲ್ಲಿ ಹಾಡಿದವರು. ಗೊತ್ತಾದ ದಿನ ಶ್ರಮಕಾಲಕ್ಕೆ ನಾಲ್ಕು ದಿನ ಮೊದಲಿನ ಶನಿವಾರ. ಮಾಸ್ತರರು ತಮ್ಮ ಕೈಯಿಂದಲೇ ಬರೆದರು: 'ಸಭೆಯ ಒಬ್ಬ ಸಹೋದರಿಯ ಚಿಕಿತ್ಸೆಗಾಗಿ.' ಎಡಗಡೆಯ ಪ್ರಾರ್ಥನೆಯ ಪಟ್ಟಿಯಲ್ಲೂ ಅಷ್ಟೇ, 'ಒಬ್ಬ ಸಹೋದರಿ.' ಊರಿಗೆಲ್ಲ ಗೊತ್ತಿದ್ದದ್ದನ್ನು ನನ್ನ ಮೇಲೆ ಮುಚ್ಚಿಟ್ಟರು.

ಅಷ್ಟರಲ್ಲಿ ಬಿಷಪ್ಪರ ಕಚೇರಿಯಿಂದ ಪತ್ರ ಬಂತು. ಅದೇ ಶನಿವಾರ ಬಿಷಪ್ಪರ ಭೇಟಿ, ದಿನವಿಡೀ ಧ್ಯಾನಕೂಟ. ಬಿಷಪ್ಪರ ಮುಂದೆ ತಬಲಾ ಎಲ್ಲಿ ನಿಲ್ಲುತ್ತದೆ? ಶ್ರಮಕಾಲದಲ್ಲಿ ಇಡುವಂತಿಲ್ಲ, ಹಾಗಾಗಿ ಸಂಗೀತ ಸಂಜೆ ಪುನರುತ್ಥಾನ ಹಬ್ಬ ಕಳೆದ ಶನಿವಾರಕ್ಕೆ ಹೋಯಿತು. ಮಾಸ್ತರರು ದಿನಾಂಕ ಅಳಿಸಿ ಹೊಸದು ಬರೆದರು. ಒಂದಕ್ಷರವೂ ಸೊಟ್ಟಾಗಲಿಲ್ಲ.

ಆಗಿನ ಪಾದ್ರಿ ಸುಜೀವಕುಮಾರ ಅಯ್ಯನವರು ಎಳೆ ವಯಸ್ಸಿನವರು, ಮೆತ್ತನೆಯ ಮನಸ್ಸು. ಬೂದಿ ಬುಧವಾರ ಮಾಸ್ತರರು ಕೆಂಪು ಕಡ್ಡಿ ಹಿಡಿದಾಗ ಹತ್ತಿರ ಬಂದು ನಿಂತರು. ಜೊತೆಗೆ ಎಲೀಷನೂ ಇದ್ದ.

"ಮಾಸ್ತರ, ಈ ವರ್ಷ ಅದನ್ನ ಬರೀಬ್ಯಾಡ್ರಿ. ನೀವು ಹೂಂ ಅಂದ್ರ ಬರೂ ವಾರನ ಹಾಡು ಇಡೋಣು. ಬಿಷಪ್ಪರಿಗೆ ನಾ ಫೋನ್ ಮಾಡಿ ಹೇಳ್ತೀನಿ" ಎಂದರು ಅಯ್ಯನವರು.

"ನಿಯಮ ಎಲ್ಲಾರಿಗೂ ಒಂದ ಅಲ್ಲೇನ್ರಿ?" ಎಂದರು ಮಾಸ್ತರರು.

"ನನ್ನ ಮಾರಿ ನೋಡಿ ಹಂಗ ಅನಬ್ಯಾಡ್ರಿ ಮಾಸ್ತರ. ಅವತ್ತಿಂದು ಅವತ್ತಿಗೆ ಹೋತು. ನಾ ಏನೂ ಅನ್ನೂದಿಲ್ಲ" ಎಂದ ಎಲೀಷ.

"ನೀ ಅನ್ನೂದಿಲ್ಲ. ಮಂದಿ ಅಂತಾರ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬಹಳ ನೋಡಿದ್ದೇನೆ. ತನ್ನ ಹೆಂಡತಿಯ ಉಸಿರಿನ ಮೇಲೆ ಆ ಹಟ ಹಿಡಿದವರನ್ನು ಇವರೊಬ್ಬರನ್ನೇ ನೋಡಿದ್ದು. ಕೆಂಪು ಸಾಲನ್ನು ಆ ವರ್ಷ ಎಂದಿಗಿಂತ ದಪ್ಪಗೆ ಬರೆದರು. ನನಗೆ ಸಿಟ್ಟು ಬಂತು, ಈಗಲೂ ಇದೆ.

ಶ್ರಮಕಾಲದ ಎರಡನೆಯ ಭಾನುವಾರ ಕಮಲಿನಿಬಾಯಿ ಆರಾಧನೆಗೆ ಬಂದರು. ನಾಲ್ಕು ಮೆಟ್ಟಿಲು ಹತ್ತಲಾಗದೆ ನನ್ನ ಬುಡದಲ್ಲೇ ಕೂತರು. ತಲೆಯೆತ್ತಿ ನಿಧಾನವಾಗಿ ಓದಿದರು.

"ಇನ್ನೂ ಆರು ವಾರ ಏನ್ರೀ?"

"ಆರ ವಾರ" ಎಂದರು ಮಾಸ್ತರರು.

"ನಿಮ್ಮ ಅಕ್ಷರ ಭಾಳ ಚಂದ ಬಂದಾವ" ಎಂದರು ಬಾಯಿ.

ಮಾಸ್ತರರು ಒಳಗೆ ಹೋದ ಮೇಲೆ ಎಲೀಷ ನೀರು ತಂದುಕೊಟ್ಟ. ಬಾಯಿ ಎರಡು ಗುಟುಕು ಕುಡಿದು, "ನನಗ ಬದುಕಬೇಕಂತ ಐತಿ ಎಲೀಷ. ಅವರಿಗೆ ಹೇಳಬ್ಯಾಡ. ಹೇಳಿದ್ರ ಅವರ ಹಟಾನೂ ಉಳಿಯೂದಿಲ್ಲ, ಮರ್ಯಾದಿನೂ ಉಳಿಯೂದಿಲ್ಲ" ಎಂದರು. ಎಲೀಷ ಹೇಳಲಿಲ್ಲ. ಹೇಳಬೇಕಿತ್ತು.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ, ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಅವರು ತೀರಿಕೊಂಡರು. ಸಂಗೀತ ಸಂಜೆಗೆ ಇನ್ನೂ ಎರಡು ವಾರ ಇತ್ತು. ಮರುದಿನ ಮಣ್ಣು ಮಾಡಿ ಬಂದ ಮಾಸ್ತರರು ಮನೆಗೆ ಹೋಗದೆ ನೇರ ನನ್ನ ಹತ್ತಿರ ಬಂದರು. ಶನಿವಾರವಲ್ಲವೇ. ಸಂಗೀತ ಸಂಜೆಯ ಸಾಲನ್ನು ಒರೆಸಿದರು. ಎಡಗಡೆಯ 'ಒಬ್ಬ ಸಹೋದರಿ'ಯನ್ನು ಒರೆಸಿದರು. ಆ ಜಾಗದಲ್ಲಿ ಮೊದಲ ಸಲ ಹೆಸರು ಬರೆದರು: 'ಕಮಲಿನಿ ಇಮ್ಮಾನುವೇಲ, ಕರ್ತನಲ್ಲಿ ನಿದ್ರೆಹೋದರು.' ಕಡ್ಡಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಆಮೇಲೆ ಅವರು ಬರೆಯಲು ಬರಲಿಲ್ಲ.

ಬೇರೆ ಯಾರೂ ನನ್ನನ್ನು ಮುಟ್ಟಲಿಲ್ಲ. ಹಬ್ಬ ಕಳೆದ ಮೇಲೆ ಬಣ್ಣಬಣ್ಣದ ಫ್ಲೆಕ್ಸ್ ಬಂತು, ವಾಟ್ಸಾಪ್ ಗುಂಪು ಬಂತು. ನನ್ನನ್ನು ಕಮಿಟಿ ಕೋಣೆಗೆ ಒಯ್ದು ಮೋರೆಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದರು. ಬಾಯಿಯವರ ಹೆಸರನ್ನು ಎದೆಗವಚಿಕೊಂಡು ಮೂರು ವರ್ಷ ಗೋಡೆ ನೋಡುತ್ತ ನಿಂತೆ. ಬೆನ್ನಿಗೆ ಗೆದ್ದಲು ಹತ್ತಿತು. ಮಾತುಗಳು ಮಾತ್ರ ಕೇಳುತ್ತಿದ್ದವು.

ಮೂರನೆಯ ವರ್ಷದ ಶ್ರಮಕಾಲದಲ್ಲಿ ಆ ಕೋಣೆಯಲ್ಲಿ ಕಮಿಟಿ ಸೇರಿತು. ಸುಜೀವಕುಮಾರ ಅಯ್ಯನವರಿಗೆ ವರ್ಗವಾಗಿತ್ತು, ಹೊಸ ಪಾದ್ರಿ ಬಂದಿದ್ದರು. ಯೂನಿಕೆ ಎಂಬ ನರ್ಸಿನ ಮೂರು ವರ್ಷದ ಮಗಳಿಗೆ ಹೃದಯದಲ್ಲಿ ತೂತು. ಸಹಾಯಾರ್ಥ ಸಂಗೀತ ಸಂಜೆ ಇಡಬೇಕೆಂದು ಆ ತಾಯಿ ಬೇಡಿಕೊಂಡು ಹೊರಗೆ ಹೋಗಿ ಕಾದಳು. ಕಮಿಟಿಯ ಕಾರ್ಯದರ್ಶಿ ಮಾತಾಡಿದ.

"ಹಬ್ಬ ಮುಗೀಲಿ, ಇಡೋಣು. ನಮ್ಮ ಮಾಸ್ತರ ಸ್ವಂತ ಹೇಣ್ತಿ ಸಲುವಾಗಿ ಸೈತ ನಿಯಮ ಮುರೀಲಿಲ್ಲ. ಅಂಥಾವರು ಕಟ್ಟಿದ ಸಭಾ ಇದು."

ಮಾಸ್ತರರು ಅಲ್ಲೇ ಇದ್ದರು. ಕುರ್ಚಿ ಸರಿದ ಸದ್ದಾಯಿತು.

"ಅದು ನಿಷ್ಠಾ ಅಲ್ರಿ, ನನ್ನ ಸೊಕ್ಕು. ನಾ ಆಕೀನ ಕೊಂದೆ."

ಹೊಸ ಪಾದ್ರಿಯ ಧ್ವನಿ ಬಂತು: "ಎಂಥಾ ದೀನತೆ ನೋಡ್ರಿ ಮಾಸ್ತರದು." ಎಲ್ಲರೂ ಆಮೆನ್ ಎಂದರು. ಹಬ್ಬ ಕಳೆದ ಮೇಲೆ ಎಂದು ಠರಾವಾಯಿತು.

ಜನ ಹೋದ ಮೇಲೆ ಮಾಸ್ತರರು ಉಳಿದರು. ನನ್ನನ್ನು ಹಿಡಿದು ತಿರುಗಿಸಿದರು. ಮೂರು ವರ್ಷದ ಹಿಂದೆ ತಾವೇ ಬರೆದ ಹೆಸರು ಹಾಗೇ ಇತ್ತು. ಹಳೆಯ ಕೂಟಗಳನ್ನೂ, ನೆತ್ತಿಯ ಕೆಂಪು ಸಾಲನ್ನೂ ಪಂಚೆಯ ತುದಿಯಿಂದ ತಿಕ್ಕಿ ತಿಕ್ಕಿ ಒರೆಸಿದರು. ಹೆಂಡತಿಯ ಹೆಸರಿಗೆ ಕೈ ಹಚ್ಚಲಿಲ್ಲ. ಅದರ ಕೆಳಗೆ ಬರೆದರು: 'ಯೂನಿಕೆಯ ಮಗಳು ಅದಿತಿಯ ಆಪರೇಷನ್ನಿಗಾಗಿ ಸಂಗೀತ ಸಂಜೆ. ಈ ಶನಿವಾರ. ಸ್ಥಳ: ನನ್ನ ಮನೆಯ ಅಂಗಳ.' ಈ ಸಲ ಅಕ್ಷರ ಸೊಟ್ಟಾದವು. ಎಲೀಷನ ಕೈಗಾಡಿಯಲ್ಲಿ ನನ್ನನ್ನು ಒಯ್ದು ತಮ್ಮ ಮನೆಯ ಗೇಟಿಗೆ ಕಟ್ಟಿದರು.

ಕಮಿಟಿಯವರು ಯಾರೂ ಬರಲಿಲ್ಲ. ಗಾನವೃಂದದಲ್ಲಿ ಅರ್ಧ ಜನ ಬಂದರು. ಓಣಿಯವರು ಬಂದರು, ಆಸ್ಪತ್ರೆಯ ನರ್ಸುಗಳು ಬಂದರು, ಮೌಲಾಸಾಬನ ಮಕ್ಕಳೂ ಬಂದರು. ಎಲೀಷ ತಬಲಾ ನುಡಿಸಿದ. ಮಂಗಳವಾರ ಕೂಸನ್ನು ಬೆಳಗಾವಿಗೆ ಕರೆದೊಯ್ದರು, ಆಪರೇಷನ್ ಆಯಿತು, ಬದುಕಿತು. ನಿಯಮ ಮುರಿದಿದ್ದಕ್ಕೆ ಮಾಸ್ತರರನ್ನು ಸಭೆಯ ಹಿರಿಯರ ಸ್ಥಾನದಿಂದ ಬಿಡಿಸಿದರು.

ನಾನು ಗೇಟಿನಲ್ಲೇ ಇದ್ದೇನೆ. ಗೆದ್ದಲು ನಡುಹಲಗೆಗೆ ಬಂದಿದೆ, ಹೆಚ್ಚು ದಿನ ನಿಲ್ಲಲಾರೆ. ಸಂಗೀತ ಸಂಜೆಯ ಸಾಲು ಮಾಸಿಹೋಗಿದೆ. ಮೇಲಿನ ಹೆಸರಿನ ಸಾಲು ಮಾಸಿದಾಗಲೆಲ್ಲ ಮಾಸ್ತರರು ತಿದ್ದುತ್ತಾರೆ. ದಿನಾ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೊರಗೆ ಬಂದು, ನನ್ನ ಮುಂದೆ ನಿಂತು ಆ ಹೆಸರನ್ನು ಓದುತ್ತಾರೆ. ಆಮೇಲೆ ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಮೆಲ್ಲಗೆ ಹೇಳುತ್ತಾರೆ:

"ಆರ ವಾರ ಅಂದಿದ್ದೆ, ಕಮಲಿ."